ಕಲಿಯುವ ಆಡಿಟರ್ ಮೊದಲು ಕೆರೆಯಂಗಳಕ್ಕೆ ಇಳಿಯಲಿ

ಸರ್ಕಾರಿ ಲೆಕ್ಕಪರಿಶೋಧನೆಯ ಕೆಲಸಕ್ಕೆ ಹೊಸದಾಗಿ ಬಂದವರ ಕೈಗೆ ಮೊದಲು ಸಿಗುವುದು ವೋಚರ್ ಕಟ್ಟು. ಖರ್ಚಿಗೆ ವೋಚರ್ ಇದೆಯೇ, ವೋಚರ್‌ಗೆ ಸಹಿ ಇದೆಯೇ, ನಗದು ಪುಸ್ತಕದ ಶಿಲ್ಕಿಗೂ ಬ್ಯಾಂಕಿನ ಶಿಲ್ಕಿಗೂ ತಾಳೆ ಬೀಳುತ್ತದೆಯೇ ಎಂದು ಟಿಕ್ ಹಾಕುತ್ತ ಹೋಗಬೇಕು. ಅದರಲ್ಲಿ ಯಾವುದು ಆಕ್ಷೇಪಣೆ, ಯಾವುದು ವಸೂಲಾತಿ, ಯಾವುದನ್ನು ಬಿಟ್ಟುಬಿಡಬಹುದು ಎಂಬುದು ಹಿರಿಯರ ತೀರ್ಮಾನ. ಖಾಸಗಿ ಸಿಎ ಕಚೇರಿಗಳ ಆರ್ಟಿಕಲ್‌ಶಿಪ್‌ನಲ್ಲೂ ಹೆಚ್ಚು ಕಡಿಮೆ ಇದೇ ಕ್ರಮ. ಕಾಗದವೇ ಎಲ್ಲವೂ ಆಗಿದ್ದ ಕಾಲಕ್ಕೆ ಇದು ಸರಿ ಇತ್ತು. ಈಗ ಕೂಡಿ ಕಳೆಯುವುದನ್ನು ಕಂಪ್ಯೂಟರ್ ಮಾಡುತ್ತದೆ. ಕಂಪ್ಯೂಟರ್ ಮಾಡಲಾಗದ ಕೆಲಸವೆಂದರೆ ಸ್ಥಳಕ್ಕೆ ಹೋಗಿ ಅಳೆಯುವುದು. ಕಲಿಕೆ ಅಲ್ಲಿಂದ ಶುರುವಾಗಬೇಕು, ಮತ್ತು ಕಲಿಯುವವರು ಕಂಡದ್ದು ಕಡತದಲ್ಲಿ ಅವರ ಹೆಸರಿನಲ್ಲೇ ಉಳಿಯಬೇಕು ಎಂಬುದು ಈ ಲೇಖನದ ವಾದ.

ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಒಂದು ಪಂಚಾಯಿತಿಯನ್ನು ಮುಂದಿಟ್ಟುಕೊಂಡು ನೋಡೋಣ. ಆ ಊರಿನ ಮೇಲೆ ದೂರೇನೂ ಇಲ್ಲ. ಬಯಲುಸೀಮೆಯ ಯಾವ ಪಂಚಾಯಿತಿಗೂ ಈ ಮಾತು ಸಲ್ಲುತ್ತದೆ. ಪಂಚಾಯಿತಿಗಳ ಲೆಕ್ಕ ತಪಾಸಣೆಯ ವ್ಯವಸ್ಥೆಯನ್ನು ಸಂವಿಧಾನದ 243-ಜೆ ವಿಧಿ ರಾಜ್ಯಗಳ ಕಾನೂನಿಗೆ ಬಿಟ್ಟಿದೆ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಆಡಿಟ್ ಸಿಎಜಿಯದು, ಗ್ರಾಮ ಪಂಚಾಯಿತಿಗಳದ್ದು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯದು. ಸುಮಾರು 6,000 ಗ್ರಾಮ ಪಂಚಾಯಿತಿಗಳು! ಜೋಡಿ ನಮೂದಿನ ಲೆಕ್ಕಪದ್ಧತಿ ಬಂತು, ಪಂಚತಂತ್ರ ತಂತ್ರಾಂಶ ಬಂತು, 2020ರಲ್ಲಿ ಕೇಂದ್ರದ ಆಡಿಟ್‌ಆನ್‌ಲೈನ್ ಬಂತು. ಪರಿಶೋಧಿತ ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಸಿಗಬೇಕೆಂದು 15ನೇ ಹಣಕಾಸು ಆಯೋಗ ಅನುದಾನಕ್ಕೇ ಷರತ್ತು ಹಾಕಿತು. ಒಳ್ಳೆಯದೇ ಆಯಿತು, ವರ್ಷಗಟ್ಟಲೆ ಆಡಿಟ್ ಬಾಕಿ ಉಳಿಸಿಕೊಳ್ಳುವುದು ಈಗ ದುಬಾರಿ. ಆದರೆ ಷರತ್ತು ಕೇಳುವುದು ಆಡಿಟ್ ಮುಗಿಯಿತೇ ಎಂದು, ಹೇಗೆ ಮುಗಿಯಿತು ಎಂದಲ್ಲ. ಪರದೆಯ ಮೇಲೆ ಬೇಗ ಮುಗಿಸುವುದಕ್ಕೆ ಎಲ್ಲ ಅನುಕೂಲವಿದೆ, ಊರಿಗೆ ಹೋಗುವುದಕ್ಕೆ ಇಲ್ಲ.

ಊರಿಗೆ ಹೋದರೆ ಏನು ಕಾಣುತ್ತದೆ? ಮಾರಿಕಣಿವೆ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾದ ಸೀಮೆ ಇದು. ಇಲ್ಲಿ ಸರ್ಕಾರದ ದುಡ್ಡಿನ ದೊಡ್ಡ ಪಾಲು ಮಣ್ಣಿಗೇ ಹೋಗುತ್ತದೆ: ಕೆರೆ ಹೂಳು, ಕೃಷಿ ಹೊಂಡ, ಬದು, ಚೆಕ್‌ಡ್ಯಾಮ್. ಹೂಳೆತ್ತುವಾಗ ಅಲ್ಲಲ್ಲಿ ಅಗೆಯದ ಮಣ್ಣಿನ ದಿಬ್ಬಗಳನ್ನು ಬಿಟ್ಟು, ಅವುಗಳ ಎತ್ತರದಿಂದ ಆಳ ಅಳೆದು, ಅಳತೆ ಪುಸ್ತಕದಲ್ಲಿ (ಎಂಬಿ) ಬರೆಯುವುದು ರೂಢಿ. ಅಳತೆ ಮುಗಿದ ಮೇಲೆ ದಿಬ್ಬಗಳೂ ಹೋಗುತ್ತವೆ. ನೂರು ಮೀಟರ್ ಉದ್ದ, ಅರವತ್ತು ಮೀಟರ್ ಅಗಲದ ಅಂಗಳದಲ್ಲಿ ಆಳವನ್ನು ಬರೀ 10 ಸೆಂಟಿಮೀಟರ್ ಹೆಚ್ಚಿಗೆ ಬರೆದರೆ 600 ಘನ ಮೀಟರ್ ಮಣ್ಣು ಕಾಗದದ ಮೇಲೆ ಹುಟ್ಟಿಬಿಡುತ್ತದೆ. ಬಿಲ್ಲು, ವೋಚರ್, ಎಂಬಿ, ಜಿಯೋಟ್ಯಾಗ್ ಫೋಟೊ ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತವೆ, ಯಾಕೆಂದರೆ ಎಲ್ಲವೂ ಆ ಒಂದು ಅಂಕಿಯಿಂದಲೇ ಹೊರಟವು. ಟಿಕ್ ಹಾಕುವವರಿಗೆ ಇಲ್ಲಿ ಏನೂ ಸಿಗದು. ಟ್ರೈಲರ್‌ಗೆ ಮೂರು ಘನ ಮೀಟರ್ ಎಂದು ಹಿಡಿದರೂ 600 ಘನ ಮೀಟರ್ ಅಂದರೆ 200 ಲೋಡು. ಅಷ್ಟು ಗೋಡು ಯಾರ ಹೊಲಕ್ಕೆ ಬಿತ್ತು ಎಂದು ಕೆರೆಯ ಕೆಳಗಿನ ರೈತರನ್ನು ಕೇಳಿದರೆ ಸಾಕು. ಹೊಲಕ್ಕೆ ಗೋಡು ಹೊಡೆಸಿದವರು ಲೋಡಿನ ಲೆಕ್ಕ ಮರೆಯುವುದಿಲ್ಲ.

ಇದಕ್ಕೆ ಹೊರಗಿನ ಸಾಕ್ಷ್ಯವೂ ಇದೆ. ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕನ್ ಇಂಡೊನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಕಾಮಗಾರಿಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಜಿನಿಯರುಗಳಿಂದ ರಸ್ತೆಯನ್ನೇ ಕೊರೆಸಿ ಒಳಗಿನ ಸಾಮಗ್ರಿಯನ್ನು ಅಳೆಸಿದ್ದರು. ಸರ್ಕಾರಿ ಆಡಿಟ್ ಆಗುವ ಸಾಧ್ಯತೆ ಶೇ 4ರಿಂದ ಶೇ 100ಕ್ಕೆ ಏರಿದಾಗ ಕಾಣೆಯಾಗುವ ಹಣ ಸುಮಾರು 8 ಶೇಕಡಾ ಅಂಶಗಳಷ್ಟು ಇಳಿಯಿತು. ಜೊತೆಗೆ ಮುಖಂಡರ ನೆಂಟರಿಷ್ಟರಿಗೆ ಕೂಲಿ ಕೆಲಸ ಸಿಗುವುದು ಹೆಚ್ಚಾಯಿತಂತೆ! ಕದಿಯುವ ದಾರಿ ಬದಲಾದದ್ದು ಗೊತ್ತಾಗಿದ್ದು ಕೂಡ ಹಳ್ಳಿಗೆ ಹೋಗಿ ಕೇಳಿದ್ದರಿಂದಲೇ. ಫೋಟೊ ಇದ್ದರೆ ಸಾಕಲ್ಲವೇ ಎನ್ನುವವರಿಗೆ ನಮ್ಮ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಉತ್ತರ ಕೊಟ್ಟಿದೆ. ಉದ್ಯೋಗ ಖಾತರಿಯ ಹಾಜರಾತಿ ಆ್ಯಪ್‌ನಲ್ಲಿ ಸಂಬಂಧವಿಲ್ಲದ ಚಿತ್ರಗಳು, ಫೋಟೊದ ಫೋಟೊಗಳು ಏರುತ್ತಿವೆ ಎಂದು 2025ರ ಜುಲೈನಲ್ಲಿ ಅದು ರಾಜ್ಯಗಳನ್ನು ಎಚ್ಚರಿಸಿತು.

ಈ ಕೆಲಸಕ್ಕೆ ಸಾಮಾಜಿಕ ಪರಿಶೋಧನೆ ಇದೆಯಲ್ಲ ಎಂಬ ಆಕ್ಷೇಪ ತೂಕದ್ದು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ ಅದನ್ನು ಗ್ರಾಮಸಭೆಯ ಕೈಗೆ ಕೊಟ್ಟಿತು. ಅದೇ ಪಂಚಾಯಿತಿಯ ನಿವಾಸಿ ಅಲ್ಲಿ ಪರಿಶೋಧನೆಗೆ ನಿಲ್ಲಬಾರದೆಂದು 2011ರ ನಿಯಮಗಳು ಹೇಳಿದವು. ಮನೆಮನೆಗೆ ಹೋಗಿ, ಕಾಮಗಾರಿ ಅಳೆದು ನೋಡುವ ಗ್ರಾಮ ಸಂಪನ್ಮೂಲ ವ್ಯಕ್ತಿಗಳ ಕೆಲಸ ಅನೇಕ ಬಾರಿ ಇಲಾಖಾ ಆಡಿಟ್‌ಗಿಂತ ನೇರ. ಆದರೆ ಅದು ಹುಟ್ಟಿದ್ದು ಉದ್ಯೋಗ ಖಾತರಿಯ ಸುತ್ತ. ತೆರಿಗೆ ವಸೂಲಿ, ಹಣಕಾಸು ಆಯೋಗದ ಅನುದಾನ, ಬೀದಿದೀಪದ ಖರೀದಿ ಸೇರಿ ಪಂಚಾಯಿತಿಯ ಇಡೀ ಲೆಕ್ಕಕ್ಕೆ ಉತ್ತರ ಕೊಡಬೇಕಾದದ್ದು ಇಲಾಖೆಯ ಆಡಿಟ್. ಓಲ್ಕನ್ ಅಧ್ಯಯನದಲ್ಲಿ ಊರ ಸಭೆಗೆ ಹೆಚ್ಚು ಜನರನ್ನು ಕರೆದದ್ದರಿಂದ ಒಟ್ಟಾರೆ ಸೋರಿಕೆ ಅಷ್ಟೇನೂ ಇಳಿಯಲಿಲ್ಲ ಎಂಬುದನ್ನೂ ನೆನಪಿಡಬೇಕು. ಎರಡೂ ಬೇಕು, ಹೊಸಬರು ಸಂಪನ್ಮೂಲ ವ್ಯಕ್ತಿಗಳ ಜೊತೆ ನಡೆದೇ ಕೆಲಸ ಕಲಿಯಲಿ.

ಅನುಭವವಿಲ್ಲದವರಿಗೆ ಎಂಜಿನಿಯರಿಂಗ್ ಏನು ಗೊತ್ತು ಎಂಬ ಮಾತಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಟೇಪು ಹಿಡಿಯಲು, ಕೇಳಿದ್ದನ್ನು ಬರೆಯಲು ಪದವಿ ಬೇಡ. ವರದಿಯಲ್ಲಿ ಆಕ್ಷೇಪಣೆಯ ಪ್ಯಾರಾ ಹಾಕುವ ಅಧಿಕಾರ ಹಿರಿಯರಲ್ಲೇ ಇರಲಿ. ಸಿಬ್ಬಂದಿ ಕಡಿಮೆ, ಪಂಚಾಯಿತಿ ಜಾಸ್ತಿ ಎಂಬುದು ಮಾತ್ರ ನಿಜವಾದ ತೊಡಕು. ಎಲ್ಲ ಕಡೆ ಹೀಗೆ ಮಾಡಲಾಗದು. ತರಬೇತಿಯ ಅವಧಿಯಲ್ಲಿ ತಾಲ್ಲೂಕಿಗೆ ಒಂದೆರಡು ಪಂಚಾಯಿತಿಗಳನ್ನು ಚೀಟಿ ಎತ್ತಿ ಆರಿಸಿದರೆ ಸಾಕು. ಯಾರ ಸರದಿ ಎಂದು ಮುಂಚೆ ಗೊತ್ತಿಲ್ಲದಿರುವುದರಿಂದಲೂ ಒಂದಷ್ಟು ಭಯ ಹುಟ್ಟುತ್ತದೆ.

ಇನ್ನು ಪ್ರಭಾವದ ಪ್ರಶ್ನೆ. ಊರಲ್ಲಿ ಓಡಾಡುವ ಎಳೆಯರನ್ನು ಬಗ್ಗಿಸುವುದು ಸುಲಭವಲ್ಲವೇ? ಸುಲಭವೇ. ಆದರೆ ಬಗ್ಗಿದ್ದನ್ನು ಹಿಡಿಯುವ ಉಪಾಯ ನಮ್ಮ ದೇಶದಲ್ಲೇ ಪರೀಕ್ಷೆಯಾಗಿದೆ. ಗುಜರಾತಿನ ಕಾರ್ಖಾನೆಗಳ ಮಾಲಿನ್ಯ ಆಡಿಟರುಗಳನ್ನು ಕಾರ್ಖಾನೆಯವರೇ ಆರಿಸುವ ಬದಲು ಚೀಟಿ ಎತ್ತಿ ನೇಮಿಸಿ, ಸಾಮಾನ್ಯ ನಿಧಿಯಿಂದ ಶುಲ್ಕ ಕೊಟ್ಟು, ಒಂದಷ್ಟು ವರದಿಗಳನ್ನು ಮರುತಪಾಸಣೆ ಮಾಡಿದಾಗ ವರದಿಗಳು ಗಣನೀಯವಾಗಿ ಪ್ರಾಮಾಣಿಕವಾದವು. 2013ರಲ್ಲಿ ಪ್ರಕಟವಾದ ಈ ಪ್ರಯೋಗದ ಹಿಂದೆ ಎಸ್ತರ್ ಡಫ್ಲೊ ಮತ್ತು ಸಂಗಡಿಗರಿದ್ದರು. ಕಲಿಯುವವರ ಅಳತೆಗಳಲ್ಲೂ ಕೆಲವನ್ನು ಬೇರೆ ತಾಲ್ಲೂಕಿನವರು ಮತ್ತೆ ಅಳೆಯಲಿ.

ಅಷ್ಟೆಲ್ಲ ಮಾಡಿಯೂ ಅವರು ಕಂಡದ್ದು ನೋಟ್‌ಬುಕ್ಕಿನಲ್ಲೇ ಉಳಿದರೆ ಪ್ರಯೋಜನವಿಲ್ಲ. ಸಣ್ಣವರ ಟಿಪ್ಪಣಿ ಹಿರಿಯರ ಮೇಜಿನ ಮೇಲೆ ಸದ್ದಿಲ್ಲದೆ ಸಾಯುವುದು ಯಾವ ಕಚೇರಿಗೂ ಹೊಸದಲ್ಲ. ಸ್ಥಳ ಟಿಪ್ಪಣಿಗೆ ಕ್ರಮಸಂಖ್ಯೆ ಬೀಳಬೇಕು. ವರದಿಗೆ ಸೇರಿಸದಿದ್ದರೆ ಹಿರಿಯರು ಕಾರಣವನ್ನು ಪಕ್ಕದಲ್ಲೇ ಬರೆದು ಸಹಿ ಹಾಕಬೇಕು. ಕಾರಣ ಸರಿಯಿದ್ದರೆ ಕಲಿಯುವವರಿಗೆ ಅದೇ ಪಾಠ. ಒಂದು ರಸೀದಿ ಇಲ್ಲವೆಂದು ಪ್ಯಾರಾ, ಒಂದು ಸಹಿ ಇಲ್ಲವೆಂದು ಪ್ಯಾರಾ, ಅವುಗಳಿಗೆ ಅನುಪಾಲನಾ ವರದಿ ಬರೆಯುವುದರಲ್ಲೇ ಹೊತ್ತು ಹೋಯಿತು ಎನ್ನುವ ಪಿಡಿಒಗಳ ದೂರು ಕೂಡ ಇದರಿಂದ ತಗ್ಗುತ್ತದೆ. ಕೆಲಸ ನೆಲದ ಮೇಲೆ ಇದೆ ಎಂದು ಕಡತದಲ್ಲೇ ದಾಖಲಾದರೆ ಕಾಗದದ ಸಣ್ಣ ಕೊರತೆಯನ್ನು ಸಣ್ಣದಾಗಿಯೇ ನೋಡಲು ಹಿರಿಯರಿಗೂ ಧೈರ್ಯ ಬರುತ್ತದೆ. ಇದಕ್ಕೆಲ್ಲ ಕಾಯ್ದೆಯ ತಿದ್ದುಪಡಿ ಬೇಕಿಲ್ಲ, ಇಲಾಖೆಯ ಸುತ್ತೋಲೆ ಸಾಕು. ಅದರಲ್ಲಿ ಕ್ಷೇತ್ರ ತರಬೇತಿಯ ತಿಂಗಳನ್ನೂ ಹೇಳಿಬಿಡಬೇಕು: ಹಿರಿಯೂರಿನ ಕಡೆ ಮಾರ್ಚ್‌ನಿಂದ ಮೇ. ಹಿಂಗಾರಿನಲ್ಲಿ ಒಂದು ದೊಡ್ಡ ಮಳೆ ಬಿದ್ದರೆ ಹೊಂಡದ ಆಳವನ್ನು ಯಾರೂ ಅಳೆಯಲಾರರು.