ಅಂತರಜಾಲದ ದಾರಿಗೂ ಬೇಕು ಪಹಣಿ

ನಿವೃತ್ತಿಯ ನಂತರ ನಾನು ನೆಲೆಸಿರುವುದು ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಲ್ಲಿ. ಇಲ್ಲಿಯೂ ಇಂದು ಪಹಣಿ, ಪಡಿತರ, ಪಿಂಚಣಿ, ಅಂಗಡಿಯ ಯುಪಿಐ ಪಾವತಿ ಎಲ್ಲವೂ ಅಂತರಜಾಲವನ್ನೇ ನಂಬಿವೆ. ‘ಸರ್ವರ್ ಇಲ್ಲ’ ಎಂಬ ಮಾತು ಕೇಳಿ ಹಿಂತಿರುಗುವ ಕೂಲಿಕಾರನಿಗೆ ಅಂದಿನ ದುಡಿಮೆಯೇ ನಷ್ಟ. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ತುಂಡಾದ ಕೇಬಲ್ಲೋ ಕೈಕೊಟ್ಟ ವಿದ್ಯುತ್ತೋ ಕಾರಣ. ಆದರೆ ಕೇಬಲ್ಲು, ಯಂತ್ರ ಎಲ್ಲವೂ ಸರಿಯಿದ್ದೂ ಸಂಪರ್ಕ ದಾರಿತಪ್ಪುವ ಇನ್ನೊಂದು ಅಪಾಯವಿದೆ. ಅದರ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದದ್ದು ಕಡಿಮೆ.

ಅಂತರಜಾಲ ಎಂಬುದು ಒಂದೇ ಜಾಲವಲ್ಲ. ದೂರಸಂಪರ್ಕ ಕಂಪನಿಗಳು, ಬ್ಯಾಂಕುಗಳು, ವಿಶ್ವವಿದ್ಯಾಲಯಗಳು ನಡೆಸುವ 70,000ಕ್ಕೂ ಹೆಚ್ಚು ಸ್ವತಂತ್ರ ಜಾಲಗಳ ಒಕ್ಕೂಟ ಅದು. ‘ಇಂತಿಂಥ ವಿಳಾಸಗಳಿಗೆ ನನ್ನ ಮೂಲಕ ಬನ್ನಿ’ ಎಂದು ಪ್ರತಿಯೊಂದು ಜಾಲವೂ ನೆರೆಯ ಜಾಲಗಳಿಗೆ ಸಾರುತ್ತದೆ. ಅವು ತಮ್ಮ ನೆರೆಯವಕ್ಕೆ ದಾಟಿಸುತ್ತವೆ. ಬಿಜಿಪಿ ಎಂಬ ಈ ಏರ್ಪಾಡು ರೂಪುಗೊಂಡದ್ದು 1989ರಲ್ಲಿ, ಜಾಲಗಳು ಕೆಲವೇ ಇದ್ದು ನಡೆಸುವವರು ಪರಸ್ಪರ ಪರಿಚಿತರಾಗಿದ್ದ ಕಾಲದಲ್ಲಿ. ಸಾರಿದ್ದು ನಿಜವೇ ಎಂದು ಪರಿಶೀಲಿಸುವ ವಿಧಾನ ಅದರೊಳಗೆ ಇರಲಿಲ್ಲ.

ಇದರ ಫಲವನ್ನು ಜಗತ್ತು ಹಲವು ಬಾರಿ ಕಂಡಿದೆ. 2008ರ ಫೆಬ್ರುವರಿ 24ರಂದು ಯೂಟ್ಯೂಬನ್ನು ತನ್ನ ದೇಶದೊಳಗೆ ತಡೆಯಲು ಹೊರಟ ಪಾಕಿಸ್ತಾನ್ ಟೆಲಿಕಾಂ ಹೊರಡಿಸಿದ ಸಾರಿಕೆ ಗಡಿ ದಾಟಿತು. ಸುಮಾರು ಎರಡು ಗಂಟೆ ಕಾಲ ವಿಶ್ವದ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. 2021ರ ಏಪ್ರಿಲ್ 16ರಂದು ನಮ್ಮದೇ ವೊಡಾಫೋನ್ ಐಡಿಯಾದ ಜಾಲವೊಂದು ತನ್ನದಲ್ಲದ 30,000ಕ್ಕೂ ಹೆಚ್ಚು ವಿಳಾಸ ಗುಚ್ಛಗಳನ್ನು ತನ್ನವೆಂದು ಸಾರಿತು. ಇವೆರಡೂ ಪ್ರಮಾದಗಳೆನ್ನೋಣ. 2018ರ ಏಪ್ರಿಲ್‌ನಲ್ಲಿ ಅಮೆಜಾನ್‌ನ ವಿಳಾಸಗಳನ್ನು ಅಪಹರಿಸಿ, ಡಿಜಿಟಲ್ ಹಣದ ತಾಣವೊಂದರ ಗ್ರಾಹಕರನ್ನು ನಕಲಿ ತಾಣಕ್ಕೆ ತಿರುಗಿಸಿ, ಸುಮಾರು ಒಂದೂವರೆ ಲಕ್ಷ ಡಾಲರ್ ದೋಚಿದ್ದು ಮಾತ್ರ ಶುದ್ಧ ಕಳ್ಳತನ.

ಆಡಳಿತ ಸೇವೆಯಲ್ಲಿ ದಶಕಗಳನ್ನು ಕಳೆದ ನನಗೆ ಈ ಕಥೆ ಅಪರಿಚಿತವೆನಿಸುವುದಿಲ್ಲ. 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ಪತ್ರವೇ ಹೊರತು ಹಕ್ಕಲ್ಲ. ಹೀಗಾಗಿ ಒಬ್ಬರ ಜಮೀನನ್ನು ಇನ್ನೊಬ್ಬರು ಕ್ರಯಪತ್ರ ಬರೆದುಕೊಟ್ಟ ಪ್ರಕರಣಗಳಿಗೆ ಲೆಕ್ಕವಿಲ್ಲ. ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿ, ನೋಂದಣಿಗೆ ಮುನ್ನ ಅದನ್ನು ತಾಳೆ ನೋಡುವ ಪದ್ಧತಿ ಬಂದ ಮೇಲೆ ಇದಕ್ಕೆ ತಕ್ಕಮಟ್ಟಿಗೆ ಕಡಿವಾಣ ಬಿತ್ತು. ಅಂತರಜಾಲದಲ್ಲಿ ಈ ಪಹಣಿಯ ಸ್ಥಾನದಲ್ಲಿರುವುದು ಆರ್‌ಪಿಕೆಐ. ಇಂಥ ವಿಳಾಸಗಳನ್ನು ಸಾರಲು ಇಂಥ ಜಾಲಕ್ಕೆ ಮಾತ್ರ ಅಧಿಕಾರ ಎಂದು ವಿಳಾಸದ ಒಡೆಯರು ಡಿಜಿಟಲ್ ಸಹಿ ಹಾಕಿ ದಾಖಲಿಸುವ ವ್ಯವಸ್ಥೆ ಅದು. 2012ರಲ್ಲಿ ಅದರ ಮಾನದಂಡ ಪ್ರಕಟವಾಯಿತು. ಭಾರತದಲ್ಲಿ ವಿಳಾಸಗಳನ್ನು ಹಂಚುವ ಐಆರ್‌ಐಎನ್‌ಎನ್ ಮೂಲಕ ನಮ್ಮ ಜಾಲಗಳೂ ಇದನ್ನು ಪಡೆಯಬಹುದು. 2024ರ ಮೇ ತಿಂಗಳ ವೇಳೆಗೆ ವಿಶ್ವದ ಐಪಿವಿ4 ಮಾರ್ಗಗಳಲ್ಲಿ ಅರ್ಧಕ್ಕೂ ಹೆಚ್ಚು ಈ ದಾಖಲೆಗೆ ಒಳಪಟ್ಟವು.

ಆದರೆ ಪಹಣಿ ಇದ್ದರಷ್ಟೇ ಸಾಲದು, ಅದನ್ನು ತೆಗೆದು ನೋಡುವವರು ಬೇಕು. ಇಲ್ಲಿ ಅರ್ಥಶಾಸ್ತ್ರದ ಹಳೆಯ ತೊಡಕು ಎದುರಾಗುತ್ತದೆ. ಸುಳ್ಳು ಸಾರಿಕೆಯನ್ನು ತಡೆಯುವ ಕಂಪನಿಗೆ ಖರ್ಚು, ಅದರ ಲಾಭದ ಬಹುಪಾಲು ಅನ್ಯರಿಗೆ. ಎಲ್ಲರೂ ಹೀಗೆ ಲೆಕ್ಕ ಹಾಕಿದರೆ ಯಾರೂ ತಡೆಯುವುದಿಲ್ಲ. ಇದನ್ನು ಮನಗಂಡು, ಇಂಟರ್ನೆಟ್ ಸೊಸೈಟಿಯ ನೆರವಿನಿಂದ ಜಾಲ ನಿರ್ವಾಹಕರೇ 2014ರಲ್ಲಿ ‘ಮ್ಯಾನರ್ಸ್’ ಎಂಬ ಪರಸ್ಪರ ಸಮ್ಮತ ನಿಯಮಾವಳಿಯನ್ನು ರೂಪಿಸಿಕೊಂಡರು. ತನ್ನ ಹಾಗೂ ತನ್ನ ಗ್ರಾಹಕರ ತಪ್ಪು ಸಾರಿಕೆಯನ್ನು ಹೊರಬಿಡಬಾರದು. ಅವಘಡವಾದಾಗ ಕೈಗೆ ಸಿಗುವಂತೆ ಸಂಪರ್ಕ ವಿವರ ಇಡಬೇಕು. ಅನ್ಯರು ತಾಳೆ ನೋಡಲು ತನ್ನ ದಾಖಲೆ ಪ್ರಕಟಿಸಬೇಕು. ಯಾವ ಸರ್ಕಾರದ ಕಾಯ್ದೆಯೂ ಇದರ ಹಿಂದಿಲ್ಲ.

ಕಾಯ್ದೆಯಿಲ್ಲದೆ ಇಂಥದ್ದು ನಡೆದೀತೇ ಎಂದು ಸಂಶಯಪಡುವವರು ಹಳೇ ಮೈಸೂರು ಸೀಮೆಯ ಕೆರೆಗಳನ್ನು ನೆನೆಯಬೇಕು. ತೂಬು ಎತ್ತಿ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯ ಮಾತು ನಡೆಯುತ್ತಿದ್ದುದು ಅಚ್ಚುಕಟ್ಟಿನ ರೈತರ ಒಪ್ಪಿಗೆಯಿಂದ. 2009ರಲ್ಲಿ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಹಲವು ದೇಶಗಳ ನೀರಾವರಿ ಸಮುದಾಯಗಳನ್ನು ಅಭ್ಯಸಿಸಿ ಹೇಳಿದ್ದೂ ಇದನ್ನೇ: ಬಳಸುವವರೇ ಮಾಡಿಕೊಂಡ ಕಟ್ಟಳೆ ಬಾಳುತ್ತದೆ. ಆದರೆ ಆಕೆ ಎರಡು ಷರತ್ತುಗಳನ್ನು ಮರೆಯಲಿಲ್ಲ. ಕಾಯುವ ಕಣ್ಣಿರಬೇಕು, ಮೀರಿದವರಿಗೆ ತಪ್ಪಿಗೆ ತಕ್ಕ ದಂಡವಿರಬೇಕು.

ಮ್ಯಾನರ್ಸ್‌ನಲ್ಲಿ ಮೊದಲನೆಯದು ಬೆಳೆಯುತ್ತಿದೆ, ಎರಡನೆಯದು ದುರ್ಬಲ. ಹಾಗೆಂದು ಸರ್ಕಾರವೇ ತಾಂತ್ರಿಕ ನಿಯಮ ಬರೆಯಹೊರಡುವುದನ್ನು ನಾನು ಒಪ್ಪಲಾರೆ. ಆರ್‌ಪಿಕೆಐ ಇಂದು ಪ್ರಮುಖವಾಗಿ ದಾರಿಯ ತುದಿಯನ್ನಷ್ಟೇ ದೃಢಪಡಿಸುತ್ತದೆ, ನಡುವಣ ಹಾದಿಯನ್ನಲ್ಲ. ಆ ಕೊರತೆ ತುಂಬುವ ಕೆಲಸ ಇನ್ನೂ ನಡೆದಿದೆ. ಹೀಗೆ ಬದಲಾಗುತ್ತಲೇ ಇರುವ ತಂತ್ರವನ್ನು ಅಧಿಸೂಚನೆಯಲ್ಲಿ ಕಟ್ಟಿಹಾಕಿದರೆ ಅಕ್ಷರ ಉಳಿದು ಉದ್ದೇಶ ಅಳಿಯುತ್ತದೆ.

ಸರ್ಕಾರದ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ. ಅದು ದೊಡ್ಡ ಗ್ರಾಹಕ. ನೆದರ್ಲೆಂಡ್ಸ್ ಸರ್ಕಾರ 2024ರ ಅಂತ್ಯದೊಳಗೆ ತನ್ನ ಜಾಲಗಳಲ್ಲಿ ಆರ್‌ಪಿಕೆಐ ಅಳವಡಿಸುವ ಗುರಿ ಹಾಕಿಕೊಂಡಿತು. ಅಮೆರಿಕದ ಶ್ವೇತಭವನ 2024ರ ಸೆಪ್ಟೆಂಬರಿನಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ನಮ್ಮ ರಾಜ್ಯವೂ ಅಂತರಜಾಲ ಸೇವೆಯ ಪ್ರತಿ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ: ವಿಳಾಸಗಳ ದಾಖಲೆ ಇರಬೇಕು, ಸುಳ್ಳು ಸಾರಿಕೆ ತಡೆಯಬೇಕು. ಬ್ಯಾಂಕುಗಳೂ ಇದನ್ನೇ ಕೇಳಲಿ. ನಿಯಮ ಸಮುದಾಯದ್ದು, ಒತ್ತಾಯ ಖರೀದಿದಾರನದು ಎಂದಾದಾಗ ಆಸ್ಟ್ರಮ್ ಹೇಳಿದ ದಂಡ ತಾನಾಗಿ ಒದಗುತ್ತದೆ.

ಕಾಲುವೆಯ ಮೇಲ್ಭಾಗದಲ್ಲಿ ಒಬ್ಬ ಒಡ್ಡು ಕಟ್ಟಿದರೆ ಒಣಗುವುದು ಕೊನೆಯ ಭಾಗದವನ ಗದ್ದೆ. ಅಂತರಜಾಲದ ಆ ಕೊನೆಯ ಭಾಗದಲ್ಲಿ ಹಳ್ಳಿಮೈಸೂರಿನಂಥ ಊರುಗಳಿವೆ. ದಾರಿ ತಪ್ಪಿಸಿದವರಾರೆಂದು ಅಲ್ಲಿನವರಿಗೆ ತಿಳಿಯುವುದೇ ಇಲ್ಲ. ಅವರ ಕಿವಿಗೆ ಬೀಳುವುದು ‘ಸರ್ವರ್ ಇಲ್ಲ’ ಎಂಬುದಷ್ಟೇ.