ಎಂಜಲು ಯಾರ ಪಾಲು?

ಅನ್ನವನ್ನು ದೇವರೆಂದು ಕಣ್ಣಿಗೊತ್ತಿಕೊಂಡು ಉಣ್ಣುವ ನಾವು, ಕೈ ತೊಳೆದೊಡನೆ ಅದೇ ಅನ್ನವನ್ನು ಎಂಜಲೆಂದು ಹೇಸುತ್ತೇವೆ. ಆ ಎಂಜಲು ಮುಂದೆ ಎಲ್ಲಿಗೆ ಹೋಗುತ್ತದೆ, ಯಾರ ಕೈಯಿಂದ ಹೋಗುತ್ತದೆ ಎಂದು ಕೇಳುವವರು ವಿರಳ. ವಿದ್ಯಾವಂತರೆನಿಸಿಕೊಳ್ಳುವ ನಾವಾದರೂ ಕೇಳಬೇಡವೆ?

ನಮ್ಮ ಹಿರಿಯರಿಗೆ ಈ ಚಿಂತೆಯಿರಲಿಲ್ಲ. ಮುಸುರೆ ನೀರು ಎಮ್ಮೆಗೆ. ಕಾಯಿಪಲ್ಲೆಯ ಸಿಪ್ಪೆ, ಉಂಡ ಎಲೆ, ಸಗಣಿ, ಬೂದಿ ತಿಪ್ಪೆಗೆ. ಬೇಸಿಗೆಯಲ್ಲಿ ಗೊಬ್ಬರವು ಚಕ್ಕಡಿಯೇರಿ ಹೊಲಕ್ಕೆ. ಇಂದು ಮುಧೋಳದಂಥ ಊರುಗಳಲ್ಲಿ ಎಷ್ಟೋ ಮನೆಗಳಿಗೆ ಹಿತ್ತಿಲೂ ಇಲ್ಲ, ದನಗಳೂ ಇಲ್ಲ. ಮದುವೆಯೂಟದ ಅನ್ನ, ಸಾರು, ಪ್ಲಾಸ್ಟಿಕ್ ಲೋಟ ಎಲ್ಲವೂ ಒಂದೇ ಚೀಲವನ್ನು ಸೇರುತ್ತವೆ. ಹಾಗೆ ಬೆರೆತದ್ದು ಮೇವೂ ಆಗದು, ಒಳ್ಳೆಯ ಗೊಬ್ಬರವೂ ಆಗದು. ಹಸಿಕಸ ಬೇರೆ, ಒಣಕಸ ಬೇರೆ ಇಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಆದರೆ ನಿಯಮ ಕಾಗದದಿಂದ ಅಡಿಗೆಮನೆಗೆ ಬರುವ ದಾರಿ ಬಲು ದೂರ!

ತಿಪ್ಪೆಗೂ ಒಂದು ಶಾಸ್ತ್ರವುಂಟು. ಇಂದೂರಿನಲ್ಲಿ ಆಲ್ಬರ್ಟ್ ಹೊವರ್ಡರು 1924ರಿಂದ 1931ರವರೆಗೆ ನಮ್ಮ ರೈತರ ಅನುಭವವನ್ನೂ ಬಳಸಿಕೊಂಡು, ಕಸವನ್ನು ಪದರಪದರವಾಗಿ ಒಟ್ಟಿ, ಆಗಾಗ ಮಗುಚಿ, ಕೆಲವೇ ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. 1939ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಪದ್ಧತಿಯಲ್ಲಿ ಮಗುಚುವ ಶ್ರಮವೂ ಇಲ್ಲ. ಗುಂಡಿ ತುಂಬಿ ಮಣ್ಣು ಮುಚ್ಚಿದರೆ ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಕೆನಡಾದ ಉತ್ತರದ ಇನೂಯಿಟ್ ಜನರ ಊರುಗಳನ್ನು ನೆನೆಯಿರಿ. ಅಲ್ಲಿ ನೆಲವೇ ಹೆಪ್ಪುಗಟ್ಟಿರುತ್ತದೆ. ಚಳಿಗೆ ಕೊಳೆಯುವ ಕ್ರಿಯೆಯೇ ನಿಂತುಬಿಡುತ್ತದೆ. ನಮಗಾದರೋ ಸೂರ್ಯನೇ ಕೂಲಿ ಕೇಳದೆ ದುಡಿಯುವ ಆಳು.

ಇನ್ನು ನಮ್ಮ ನೆಲದ ಮಾತು. ಘಟಪ್ರಭೆಯ ನೀರುಂಡು ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಅತಿನೀರಿನಿಂದ ಸವಳಾದ ಹೊಲಗಳಿವೆ. ಅವುಗಳಿಗೆ ಬಸಿಗಾಲುವೆ ಬೇಕು, ಜೊತೆಗೆ ಸಾವಯವ ಗೊಬ್ಬರವೂ ಬೇಕು. ಹೀಗಿದ್ದೂ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಡುತ್ತೇವೆ. ಹಸಿಯಾದ ಎಂಜಲಿನ ಮೇಲೆ ಒಣಗಿದ ರವದಿಯನ್ನು ಹರಡಿದರೆ ಅದು ನೀರನ್ನು ಹೀರಿ, ಗಾಳಿಯಾಡಲು ಎಡೆಗೊಟ್ಟು, ನಾತವನ್ನು ತಗ್ಗಿಸುತ್ತದೆ. ಒಂದು ಸುಡುವ ವಸ್ತು, ಇನ್ನೊಂದು ಎಸೆಯುವ ವಸ್ತು; ಎರಡೂ ಕೂಡಿದರೆ ಹೊನ್ನು.

ಆದುದರಿಂದ ನನ್ನ ಸೂಚನೆ ಇಷ್ಟೆ. ಪ್ರತಿ ವಿದ್ಯಾರ್ಥಿನಿಲಯದ ಆವರಣದಲ್ಲಿ ಎರಡು ಗುಂಡಿಗಳಿರಲಿ. ಒಂದು ತುಂಬುವಾಗ ಇನ್ನೊಂದು ಮಾಗಲಿ. ನೊಣ, ನಾಯಿಗಳ ಕಾಟವೆನ್ನುವವರು ದಿನವೂ ರವದಿ ಮತ್ತು ಒಂದು ಬುಟ್ಟಿ ಮಣ್ಣು ಹಾಕಿ ಮುಚ್ಚಲಿ. ಬಂದ ಗೊಬ್ಬರ ಆವರಣದ ಗಿಡಗಳಿಗೆ, ಮಿಕ್ಕದ್ದು ನೆರೆಯ ರೈತನಿಗೆ.

ಆದರೆ ಈ ಕೆಲಸಕ್ಕೆ ಮತ್ತೊಬ್ಬ ಆಳನ್ನು ನೇಮಿಸಕೂಡದು. ಉಂಡವನೇ ತನ್ನ ತಟ್ಟೆಯ ಎಂಜಲನ್ನು ಗುಂಡಿಗೆ ಹಾಕಬೇಕು. ಬೆರೆತ ಕೊಳಕಿಗೆ ಪ್ರತಿದಿನ ಕೈಯಿಡುವವರು ಪೌರಕಾರ್ಮಿಕರು. ನಮ್ಮ ಎಂಜಲು ನಮಗೇ ಮೈಲಿಗೆ, ಅವರಿಗೆ ಮಾತ್ರ ಉದ್ಯೋಗ ಎಂಬುದು ಯಾವ ನ್ಯಾಯ? ಕಾಯಕದ ಹಿರಿಮೆಯನ್ನು ಕುರಿತು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವ ನಾವು, ಊಟವಾದ ಮೇಲೆ ಹತ್ತು ಹೆಜ್ಜೆ ನಡೆದು ಅದನ್ನು ಆಚರಿಸಬಾರದೇಕೆ?