ಭಂಗಿಯ ಮದ್ದಿಗೆ ನಂಬರುಂಟು, ಲೆಕ್ಕವಿಲ್ಲ

ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣದೊಡನೆ ಹೆಣಗುವವನಿಗೂ, ರೇಷ್ಮೆ ಕಾರ್ಖಾನೆಯ ಮಗ್ಗದ ಮುಂದೆ ದಿನವಿಡೀ ನಿಲ್ಲುವವಳಿಗೂ ಸಂಜೆಯ ಹೊತ್ತಿಗೆ ಸೊಂಟನೋವು ತಪ್ಪಿದ್ದಲ್ಲ. ನೋವಿಗೆ, ನಿದ್ದೆಗೆ ಎಂದು ಭಂಗಿ ಎಲೆಯ ಆಯುರ್ವೇದ ಎಣ್ಣೆ, ಮಾತ್ರೆಗಳು 'ವಿಜಯಾ' ಎಂಬ ಹೆಸರಿನಲ್ಲಿ ಈಗ ಪೇಟೆಗೆ ಬಂದಿವೆ. 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಇದಕ್ಕೆಂದೇ ಒಂದು ಚಿಕಿತ್ಸಾಲಯ ತೆರೆಯಿತು.

ಗಾಂಜಾ ಹೂವಿನ ಮಾತು ಬೇರೆ. 1985ರ ಮಾದಕ ವಸ್ತು ಕಾಯಿದೆ ಅದನ್ನು ನಿಷೇಧಿಸಿದೆ. ಬರಿಯ ಎಲೆ ಆ ಕಾಯಿದೆಯ ಹಿಡಿತಕ್ಕೆ ಬರುವುದಿಲ್ಲ. ಭಂಗಿ ಅದರೊಳಗೆ ಸೇರಿಲ್ಲವೆಂದು 2022ರಲ್ಲಿ ನಮ್ಮ ಹೈಕೋರ್ಟು ಜಾಮೀನಿನ ಆದೇಶವೊಂದರಲ್ಲಿ ಹೇಳಿತು. ಮಾರಬಾರದೆಂಬುದು ನಮ್ಮ ತಕರಾರಲ್ಲ. ಲೆಕ್ಕವಿಲ್ಲದೆ ಮಾರಬಾರದೆಂಬುದೇ ನಮ್ಮ ತಕರಾರು.

1945ರ ಔಷಧ ನಿಯಮಗಳಂತೆ ಆಯುರ್ವೇದ ಸೀಸೆಯ ಮೇಲೂ ಬ್ಯಾಚ್ ನಂಬರು, ತಯಾರಿಕೆಯ ತಾರೀಖು, ಲೈಸೆನ್ಸ್ ನಂಬರು ಅಚ್ಚಾಗಬೇಕು. ಒಂದೇ ಹಂಡೆಯಲ್ಲಿ ಒಟ್ಟಿಗೆ ಕುದಿದ ಮದ್ದಿಗೆಲ್ಲ ಒಂದೇ ನಂಬರು. ಹಂಡೆ ಕೆಟ್ಟಿತೆಂದರೆ ಆ ನಂಬರಿನ ಸೀಸೆಗಳನ್ನಷ್ಟೇ ಹುಡುಕಿ ಹಿಂದಕ್ಕೆ ತರಬಹುದು. ಭಂಗಿಗೆ ಇದು ಇನ್ನೂ ಮುಖ್ಯ; ಬೆಳೆಯಿಂದ ಬೆಳೆಗೆ ಅದರ ಮತ್ತಿನ ಅಂಶ ಹೆಚ್ಚುಕಡಿಮೆಯಾಗುತ್ತದೆ. ಆದರೆ ಆಯುರ್ವೇದ ಔಷಧ ಮಾರಲು ಈ ನಿಯಮಗಳಲ್ಲಿ ಲೈಸೆನ್ಸೇ ಬೇಕಿಲ್ಲ. ವೈದ್ಯರ ಚೀಟಿಯ ಮೇಲೆ ಮಾರುವ ಅಲೋಪತಿ ಮದ್ದಿಗಾದರೆ ಬಿಲ್ಲಿನಲ್ಲೋ ಪುಸ್ತಕದಲ್ಲೋ ಬ್ಯಾಚ್ ನಂಬರು ಬರೆಯಬೇಕು. ಇಲ್ಲಿ ಆ ಕಟ್ಟೂ ಇಲ್ಲ. ಕಾರ್ಖಾನೆಯಲ್ಲಿ ಹುಟ್ಟಿದ ನಂಬರು ಅಂಗಡಿಯ ಬಾಗಿಲಲ್ಲೇ ಸಾಯುತ್ತದೆ. ಕೆಟ್ಟ ಸೀಸೆ ಯಾರ ಮನೆ ಸೇರಿತೆಂದು ಹೇಳುವವರು ಯಾರು?

ಇನ್ನೊಂದು ಅನ್ಯಾಯವನ್ನು ನೋಡಿ. ಭಂಗಿಯು ಇದೇ ನಿಯಮಗಳ ವಿಷವಸ್ತುಗಳ ಪಟ್ಟಿಯಲ್ಲಿದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಸೀಸೆಯ ಮೇಲೆ ಹಾಕಲೇಬೇಕು. ಆದರೆ ನಿಯಮ ಕೇಳುವುದು ಇಂಗ್ಲಿಷು ಮತ್ತು ಹಿಂದಿಯನ್ನು! ಕನ್ನಡವೊಂದನ್ನೇ ಓದಬಲ್ಲ ಕೂಲಿಕಾರನ ಜೀವಕ್ಕೆ ಬೆಲೆಯಿಲ್ಲವೆ?

ಅಮೆರಿಕದ ಕೊಲರಾಡೋದಲ್ಲಿ 2014ರಿಂದ ಗಾಂಜಾ ಅಂಗಡಿಗಳಿಗೆ ಪರವಾನಗಿಯುಂಟು. ಅಲ್ಲಿ ಗಿಡಗಿಡಕ್ಕೂ ಚೀಟಿ ಕಟ್ಟಿ, ಹೊಲದಿಂದ ಗಿರಾಕಿಯ ಕೈವರೆಗೆ ಕಂಪ್ಯೂಟರಿನಲ್ಲಿ ಲೆಕ್ಕವಿಡುತ್ತಾರೆ. ಅದನ್ನೇ ಇಲ್ಲಿ ತನ್ನಿರೆಂದು ನಾವು ಹೇಳುವುದಿಲ್ಲ. ಸಣ್ಣ ವರ್ತಕನಿಗೆ ಯಂತ್ರ ಕೊಳ್ಳೆಂದರೆ ಅದು ಬಡವನ ಮೇಲೆ ಎಳೆದ ಬರೆ. ಕಾರ್ಬನ್ ಹಾಳೆಯ ಬಿಲ್ ಪುಸ್ತಕದಲ್ಲಿ ಒಂದು ಸಾಲು ಬರೆದರೆ ಸಾಕು. ಆ ಸಾಲು ವರ್ತಕನಿಗೂ ಗುರಾಣಿ. ಲೈಸೆನ್ಸುಳ್ಳವರಿಂದ ಕೊಂಡು, ಸರಿಯಾಗಿ ಇಟ್ಟು, ದೋಷ ತಿಳಿಯದೆ ಮಾರಿದ ಅಲೋಪತಿ ಅಂಗಡಿಯವನಿಗೆ 1940ರ ಕಾಯಿದೆ ರಕ್ಷಣೆ ಕೊಟ್ಟಿದೆ. ಭಂಗಿಯ ಮದ್ದು ಮಾರುವವನಿಗೂ ಅದು ಸ್ಪಷ್ಟವಾಗಿ ಸಿಗಲಿ.

ನಮ್ಮ ಬೇಡಿಕೆ ಮೂರೇ: ಎಚ್ಚರಿಕೆ ಕನ್ನಡದಲ್ಲಿರಲಿ, ಬಿಲ್ಲಿನಲ್ಲಿ ಬ್ಯಾಚ್ ನಂಬರಿರಲಿ, ಕೆಟ್ಟ ಮಾಲನ್ನು ಹಿಂದಕ್ಕೆ ತರಿಸುವ ಖರ್ಚನ್ನು, ಅದರಿಂದ ಲಾಭ ಮಾಡಿದ ಕಾರ್ಖಾನೆಯೇ ಹೊರಲಿ. ಸರಕಾರ ಮಾಡುವವರೆಗೂ ನಾವು ಕಾಯಬೇಕಾಗಿಲ್ಲ. ಕೊಳ್ಳುವಾಗ ಬಿಲ್ಲು ಕೇಳೋಣ, ಅದರಲ್ಲಿ ನಂಬರು ಬರೆಸೋಣ.